ಏಟಿಗೆ ಮುಂಚಿನ ಸನ್ನೆ

ಟೈರ್ ಅಂಗಡಿಯವನಿಗೆ ಕೋಪ ಮೂಗಿನ ತುದಿಯಲ್ಲಿತ್ತು ಎಂದರೆ ತಪ್ಪಾಗುತ್ತದೆ. ಅದು ಇದ್ದದ್ದು ಅವನ ಬಲಗೈಯಲ್ಲಿ. ಲಾರಿಯ ಟೈರನ್ನು ಕಬ್ಬಿಣದ ಸಲಾಕೆಯಿಂದ ಮೀಟಿ ಮೀಟಿ ಆ ಕೈ ಹಲಗೆಯಷ್ಟು ಗಟ್ಟಿಯಾಗಿತ್ತು. ಸಲಾಕೆ ಜಾರಿದರೆ ಟೈರಿಗೆ ಒದೆ, ಗಿರಾಕಿ ಚೌಕಾಸಿ ಮಾಡಿದರೆ ಮೇಜಿಗೆ ಗುದ್ದು, ಮನೆಯಲ್ಲಿ ಊಟಕ್ಕೆ ಉಪ್ಪು ಹೆಚ್ಚಾದರೆ ಹೆಂಡತಿಗೆ, ಎದುರು ಮಾತಾಡಿದರೆ ಮಗಳಿಗೆ. ದಂಡಂ ದಶಗುಣಂ ಎಂಬುದೊಂದೇ ಅವನಿಗೆ ಬಾಯಿಪಾಠವಾಗಿದ್ದ ಶಾಸ್ತ್ರ. ಆ ಹತ್ತು ಗುಣ ಯಾವುವಯ್ಯಾ ಎಂದು ಕೇಳಿದ್ದರೆ ಒಂದನ್ನೂ ಹೇಳುತ್ತಿರಲಿಲ್ಲ, ಕೇಳಿದವನಿಗೂ ಒಂದು ಬಿಡುತ್ತಿದ್ದ.

ಒಂಬತ್ತನೇ ತರಗತಿಯ ಮಗಳು ಕಂಪ್ಯೂಟರ್ ಬಿಟ್ಟು ನಾಟಕವನ್ನು ಪರೀಕ್ಷೆಯ ವಿಷಯವಾಗಿ ತೆಗೆದುಕೊಂಡಿದ್ದಾಳೆ ಎಂಬುದು ಅವನಿಗೆ ಗೊತ್ತಾದದ್ದು ಅಂಕಪಟ್ಟಿಗೆ ಸಹಿ ಹಾಕುವಾಗ.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ಬಣ್ಣ ಬಳ್ಕೊಂಡು ಕುಣಿಯೋದಕ್ಕೂ ಮಾರ್ಕ್ಸ್ ಕೊಡ್ತಾರಾ? ಇದನ್ನ ಓದಿ ಏನ್ ಕಡಿದು ಕಟ್ಟೆ ಹಾಕ್ತೀಯೇ?"

"ಕುಣಿಯೋದಲ್ಲಪ್ಪ. ಅದೊಂದು ಬಿಡಿಸ್ಬೇಡ. ಅದೊಂದು ಕ್ಲಾಸಲ್ಲಿ ಮಾತ್ರ ನಂಗೆ ಭಯ ಆಗಲ್ಲ..."

ಭಯ ಎಂಬ ಮಾತು ಕೇಳಿದ್ದೇ ಕೈ ಬೀಸಿತು. ಹುಡುಗಿ ಎಡಭುಜವನ್ನು ಒಳಗೆಳೆದುಕೊಂಡು, ಅಂಗೈಯಿಂದ ಕಿವಿ ಮುಚ್ಚಿಕೊಂಡು, ಅಡುಗೆಕಟ್ಟೆಯ ಮೂಲೆ ತಪ್ಪಿಸಿ ನೆಲಕ್ಕೆ ಬಿದ್ದಳು. ನಡುವೆ ಬಂದ ಹೆಂಡತಿಯ ತುಟಿ ಒಡೆಯಿತು. ನೀರಿನ ಕೊಡ ಉರುಳಿ ಮನೆಯೆಲ್ಲ ಒದ್ದೆಯಾಯಿತು. ಒರೆಸಿದ್ದು ಅವರಿಬ್ಬರೇ, ಮತ್ತಿನ್ಯಾರು?

ಮಾರನೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು, ವಿಷಯ ಬದಲಾಯಿಸುವ ಅರ್ಜಿಯನ್ನು ಜೇಬಿಗೆ ತುರುಕಿಕೊಂಡು ಶಾಲೆಗೆ ಹೋದ. ಅದಕ್ಕೆ ನಾಟಕದ ಟೀಚರ್ ಸಹಿ ಬೇಕಿತ್ತು. ಟೀಚರು ಕುಳ್ಳಗಿನ ಹೆಂಗಸು, ಕೂದಲು ಅರ್ಧ ನರೆತಿತ್ತು. ಅರ್ಜಿ ಓದಿ ಅವನ ಮುಖ ನೋಡಿದರು.

"ಸಹಿ ಮಾಡೋಣ. ಈಗ ಪರೀಕ್ಷೆ ನಡೀತಾ ಇದೆ, ಹತ್ತು ನಿಮಿಷ ಕೂತ್ಕೊಳ್ಳಿ."

ಬೆಂಚುಗಳನ್ನು ಗೋಡೆಗೆ ಸರಿಸಿ ನಡುವೆ ಜಾಗ ಬಿಟ್ಟಿದ್ದರು. ಅವನು ಹಿಂದಿನ ಬೆಂಚಿನಲ್ಲಿ ಮಂಡಿ ಮಡಚಲಾರದೆ ಕೂತ. ಮಗಳು ನಡುವೆ ನಿಂತಿದ್ದಳು. ಎದುರಿಗೆ ಒಬ್ಬ ಸಣಕಲು ಹುಡುಗ. ಒಂಟೆ, ಒಂಟೆ ಎಂದು ಮಿಕ್ಕವರು ಪಿಸುಗುಡುತ್ತಿದ್ದರು, ಅಷ್ಟು ಉದ್ದನೆಯ ಕತ್ತು ಅವನದು. ಒಂಟೆ ಏನೋ ಗದರಿದ. ಮಗಳು ಅವನ ಕಣ್ಣನ್ನೇ ನೋಡುತ್ತಾ ಕೂದಲೆಳೆಯಷ್ಟು ತಲೆಯಾಡಿಸಿದಳು. ಹೆದರಿದಳು ಎಂದುಕೊಂಡ ಅಪ್ಪ. ಮರುಕ್ಷಣ ಒಂಟೆಯ ಕೈ ಬೀಸಿತು. ಛಟೀರ್ ಎಂದು ಕೋಣೆಯೆಲ್ಲ ಸದ್ದಾಯಿತು, ಮಗಳು ನೆಲಕ್ಕೆ ಬಿದ್ದಳು.

ಅವನು ಬೆಂಚು ಹಾರಿದ್ದು ಅವನಿಗೇ ಗೊತ್ತಾಗಲಿಲ್ಲ.

"ನನ್ನ ಮಗಳ ಮೇಲೆ ಕೈ ಮಾಡ್ತೀಯೇನೋ!"

ಮೊದಲ ಗುದ್ದಿಗೇ ಒಂಟೆಯ ಮೂಗಿನಿಂದ ರಕ್ತ ಚಿಮ್ಮಿತು. ಎರಡನೆಯದಕ್ಕೆ ಹಲ್ಲೊಂದು ಕಿತ್ತುಬಂತು. ಹುಡುಗ ಬಿದ್ದ ಮೇಲೂ ಅವನ ಕಾಲರು ಹಿಡಿದೆತ್ತಿ ಕಪ್ಪು ಹಲಗೆಗೆ ಅಪ್ಪಳಿಸಿದ. ತೋಳಿಗೆ ಜೋತುಬಿದ್ದ ಟೀಚರನ್ನು ಕೊಡವಿ ಎಸೆದ. ಮಕ್ಕಳು ಕಿರುಚಿಕೊಂಡು ಬಾಗಿಲಿಗೆ ಓಡಿದರು. ಮೂರನೆಯ ಗುದ್ದಿಗೆ ಕೈಯೆತ್ತಿದಾಗ ಆ ಕೈಗೆ ಯಾರೋ ಹಲ್ಲೂರಿ ಕಚ್ಚಿದರು. ತಿರುಗಿ ನೋಡಿದರೆ ಮಗಳು.

"ಬಿಡಪ್ಪಾ! ಅವನು ನನ್ನ ಮುಟ್ಟೇ ಇಲ್ಲ!"

ಅವಳ ಕೆನ್ನೆಯ ಮೇಲೆ ಹೊಸ ಗುರುತೇನೂ ಇರಲಿಲ್ಲ. ನಿನ್ನೆಯದು ಮಾತ್ರ, ನೀಲಿಗಟ್ಟಿ, ಹಾಗೇ ಇತ್ತು.

"ಸದ್ದು... ಸದ್ದು ಬಂತಲ್ಲ?"

ಮಗಳು ಅಳುತ್ತಲೇ ತನ್ನ ತೊಡೆಗೆ ತಾನೇ ಒಂದೇಟು ಹಾಕಿಕೊಂಡು ತೋರಿಸಿದಳು. ಛಟೀರ್. ಅದೇ ಸದ್ದು.

ಟೀಚರು ಎದ್ದು ಬಂದು ಒಂಟೆಯ ಮೂಗಿಗೆ ಸೆರಗು ಒತ್ತಿ ಹಿಡಿದರು. ಸಿಟ್ಟಿನಿಂದ ಅವನತ್ತ ತಿರುಗಿದರು.

"ಇವನ ಕೈ ಅವಳ ಕೆನ್ನೆಯಿಂದ ಒಂದು ಗೇಣು ದೂರ ಇರುತ್ತೆ. ನಮ್ಮಲ್ಲಿ ಏಟು ಯಾವಾಗ ಅಂತ ಹೇಳೋದು ಹೊಡೆಯೋನಲ್ಲ, ತಿನ್ನೋರು. ಕಣ್ಣಲ್ಲಿ ಕಣ್ಣಿಟ್ಟು ತಲೆ ಆಡಿಸಬೇಕು. ಅಲ್ಲೀತನಕ ಹೊಡೆಯೋನು ಕಾಯಬೇಕು. ನಾನು ಮೊದಲು ಕಲಿಸೋದೇ ಇದನ್ನ. ಇದನ್ನ ಕಲೀದೆ ಯಾರಿಗೂ ಇಲ್ಲಿ ಕೈ ಎತ್ತೋಕೆ ಬಿಡಲ್ಲ."

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ? ಹುಡುಗನ ಹಲ್ಲು ಅವನ ಚಪ್ಪಲಿಯ ಪಕ್ಕದಲ್ಲೇ ಬಿದ್ದಿತ್ತು.

"ಎಷ್ಟು ನಿಜವಾಗಿ ಬಿದ್ಲು ಮೇಡಂ... ನಿಜಾನೇ ಅಂದ್ಕೊಂಡೆ. ಬೀಳೋದನ್ನ ನೀವು ಹಾಗೆ ಕಲಿಸಿದೀರಿ," ಎಂದು ತೊದಲಿದ.

"ಬೇರೆ ಮಕ್ಕಳಿಗೆ ಕಲಿಸೋದಕ್ಕೆ ಎರಡು ತಿಂಗಳು ಹಿಡೀತು," ಅಂದರು ಟೀಚರು. "ಇವಳಿಗೆ ಬೀಳೋದನ್ನ ನಾನು ಕಲಿಸ್ಲಿಲ್ಲ. ಬಂದ ಮೊದಲನೇ ದಿನವೇ ಬರ್ತಿತ್ತು. ಭುಜ ಒಳಗೆ ಎಳ್ಕೊಂಡು, ಕಿವಿ ಮುಚ್ಕೊಂಡು. ಎಲ್ಲಿ ಕಲಿತೆ ಅಂತ ಕೇಳಿದ್ದಕ್ಕೆ ಇವಳು ಬಾಯಿ ಬಿಡ್ಲಿಲ್ಲ. ಈಗ ನೀವೇ ಹೇಳಿದ ಹಾಗಾಯ್ತು."

ಹೆಡ್ಮಾಸ್ಟರು ಬಂದರು, ಒಂಟೆಯನ್ನು ಆಸ್ಪತ್ರೆಗೆ ಕರೆದೊಯ್ದರು. ಹುಡುಗನ ಮನೆಯವರು ದೂರು ಕೊಟ್ಟರೆ ಕಂಡದ್ದನ್ನು ಕಂಡ ಹಾಗೇ ಹೇಳುತ್ತೇನೆ ಎಂದು ಟೀಚರು ಅವನೆದುರೇ ಹೇಳಿದರು. ಸಹಿಯ ಮಾತು ಯಾರೂ ಎತ್ತಲಿಲ್ಲ.

ಇಷ್ಟಾದ ಮೇಲೆ ಮನುಷ್ಯ ಬದಲಾದ ಎಂದು ಹೇಳಲು ನನಗೂ ಆಸೆ. ಆದರೆ ಅವಮಾನವಾದ ಗಂಡಸಿನ ಸಿಟ್ಟು ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ಸಂಜೆ ಮನೆಗೆ ಬಂದವನೇ ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿದ. ಅದರ ಅಂಚಿಗೆ ಒಂಟೆಯ ರಕ್ತ ಒಣಗಿ ಅಂಟಿತ್ತು.

"ನಾಳೆ ಹೆಡ್ಮಾಸ್ಟರ ಹತ್ರಾನೇ ಸಹಿ ಹಾಕಿಸ್ತೀನಿ. ನಿನ್ನ ನಾಟಕ ಇವತ್ತಿಗೆ ಮುಗೀತು."

ಮಗಳು ಅರ್ಜಿಯನ್ನು ಎತ್ತಿಕೊಂಡಳು, ಓದಿದಳು, ಎರಡು ತುಂಡು ಮಾಡಿದಳು.

ಕೈ ಎದ್ದಿತು.

ಹುಡುಗಿ ಭುಜವನ್ನು ಎಳೆದುಕೊಳ್ಳಲಿಲ್ಲ, ಕಿವಿಯನ್ನೂ ಮುಚ್ಚಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದು, ತರಗತಿಯಲ್ಲಿ ನಿಲ್ಲುವ ಹಾಗೆ ಒಂದು ತೋಳಿನ ದೂರದಲ್ಲಿ ನಿಂತು ಅವನ ಕಣ್ಣನ್ನೇ ನೋಡಿದಳು.

"ನಾನಿನ್ನೂ ತಲೆ ಆಡಿಸಿಲ್ಲ ಅಪ್ಪ."

ಅವನು ಕಾದ. ಯಾಕೆ ಕಾದನೋ ಅವನಿಗೇ ತಿಳಿಯದು. ಕೈ ಗಾಳಿಯಲ್ಲೇ ನಿಂತಿತ್ತು. ಆಗ ಪಾತ್ರೆ ತೊಳೆಯುತ್ತಿದ್ದ ಹೆಂಡತಿ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಮಗಳ ಪಕ್ಕದಲ್ಲಿ ನಿಂತಳು. ಒಡೆದ ತುಟಿಯಲ್ಲಿ ಮಾತು ಸರಿಯಾಗಿ ಹೊರಳಲಿಲ್ಲ.

"ನಾನೂ ಆಡಿಸಿಲ್ಲ ಕಣ್ರೀ. ಮದುವೆಯಾದಾಗಿನಿಂದ ಒಂದೇ ಒಂದು ಸಲಾನೂ ಆಡಿಸಿಲ್ಲ."

ಇಬ್ಬರೂ ಅಲ್ಲಾಡಲಿಲ್ಲ. ಅವನ ಕೈ ಇನ್ನೂ ಮೇಲೇ ಇತ್ತು. ಎತ್ತಿದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆಂದು ಅವನಿಗೆ ಯಾವ ಶಾಲೆಯಲ್ಲೂ ಕಲಿಸಿರಲಿಲ್ಲ.