ಚೀಟಿಯ ಕೆಳಗಿನ ಹೆಸರು

ನಡುರಾತ್ರಿ ‘ಚಟ್’ ಎಂದು ಸಣ್ಣ ಸದ್ದಾಯಿತು. ಕಂದೀಲು ಹಿಡಿದು ನೋಡಿದೆ. ಪೆಟ್ಟಿಗೆಯ ಮೇಲಿದ್ದ ಅರ್ಜಿಯ ನಕಲಿನಲ್ಲಿ, ನಾನೇ ಅಂಟಿಸಿದ್ದ ಚೀಟಿ ಬೇಸಗೆಗೆ ಒಣಗಿ ಎದ್ದು ನಿಂತಿತ್ತು. ಕೆಳಗೆ ಹುಚ್ಚೀರಪ್ಪನ ಸಹಿ ಸ್ಪಷ್ಟವಾಗಿ ಕಾಣುತ್ತಿತ್ತು.

ನಮ್ಮೂರು ಮರಳಿಗೆ ಕನ್ನಡ ಸಾಲೆ ಬೇಕೆಂದು 1948ರ ಆ ಬೇಸಗೆಯ ಮೊದಲಲ್ಲಿ ಬರೆದ ಅರ್ಜಿ ಅದು. ಬರೆದದ್ದನ್ನೆಲ್ಲ ಎರಡು ಪ್ರತಿ ಮಾಡಿ ಒಂದನ್ನು ಇಟ್ಟುಕೊಳ್ಳುವುದು ಧಾರವಾಡದ ಕಾಲೇಜಿನಿಂದ ಬಂದ ಅಭ್ಯಾಸ. ಎರಡಕ್ಕೂ ಮೂವತ್ತು ಮಂದಿ ಹೆಬ್ಬೆಟ್ಟು ಒತ್ತಿದ್ದರು. ನನ್ನಲ್ಲಿ ಅಕ್ಷರ ಕಲಿತ ಹುಚ್ಚೀರಪ್ಪ ಮಾತ್ರ ಸಹಿ ಹಾಕಿದ್ದ. ವಾರದೊಳಗೆ ಅವನು ಹೊಳೆ ದಾಟಿ, ನಿಜಾಮರ ವಿರುದ್ಧ ಹೋರಾಡುವವರ ಶಿಬಿರ ಸೇರಿದ. ಅರ್ಜಿ ಇನ್ನೂ ನನ್ನ ಬಳಿಯೇ ಇತ್ತು. ಅವನ ತಾಯಿ ಹೊಳಿಯಮ್ಮ ಓಡಿ ಬಂದಳು.

“ಅಕ್ಕಾರ, ಮಗ ಮುಂಬೈಗೆ ಹೋಗಿ ಎರಡು ವರ್ಷಾತು ಅಂತ ಪೊಲೀಸರಿಗೆ ಹೇಳೀನಿ. ಈ ಸಹಿ ಕಂಡ್ರ ಸುಳ್ಳು ಬಯಲಾಗಿ ನನ್ನ ಎಳಕೊಂಡು ಹೋಗ್ತಾರ.”

ಮೂವತ್ತು ಹೆಬ್ಬೆಟ್ಟು ಮತ್ತೆ ಸಿಗುವಂತಿರಲಿಲ್ಲ. ಅರ್ಧ ಜನ ಕೂಲಿಗೆ ಬೇರೆ ಊರು ಸೇರಿದ್ದರು. ಅದಕ್ಕೇ ಕಚೇರಿಯ ಪದ್ಧತಿಯಂತೆ ಸಹಿಯ ಮೇಲೆ ಚೀಟಿ ಅಂಟಿಸಿ, ‘ಒಂದು ಹೆಸರು ವಜಾ’ ಎಂದು ಬರೆದು, ಅರ್ಧ ಚೀಟಿಯ ಮೇಲೆ ಅರ್ಧ ಕಾಗದದ ಮೇಲೆ ಬರುವಂತೆ ನನ್ನ ರುಜು ಹಾಕಿ ಗಂಗಾವತಿಯ ನಿಜಾಮರ ಕಚೇರಿಗೆ ಕೊಟ್ಟಿದ್ದೆ. ಎರಡು ಪ್ರತಿಗೂ ಒಂದೇ ಜೋಳದ ಗಂಜಿ ಹಚ್ಚಿದ್ದೆ. ಇಲ್ಲಿ ಎದ್ದದ್ದು ಅಲ್ಲಿಯೂ ಎದ್ದಿರಬೇಕು.

ಬೆಳಗಾಗುತ್ತಲೇ ಬಂಡಿ ಹತ್ತಿದೆ. ಕಚೇರಿಯ ಗುಮಾಸ್ತ ದಾದೇಸಾಬರು ಕಡತಗಳ ನಡುವೆ ಕೂತಿದ್ದರು.

“ಅರ್ಜಿಯೊಳಗ ತಾರೀಖು ತಪ್ಪಿದಂಗ ಅನಸ್ತೈತ್ರಿ. ಒಂದ್ಸಲ ನೋಡಬಹುದೇನ್ರಿ?”

“ತಾರೀಖು ಛಲೋ ಐತ್ರಿ ಅಕ್ಕಾರ. ನಿಮ್ಮ ಜೀವಕ್ಕ ಸಮಾಧಾನ ಇಲ್ಲ, ನೋಡ್ರಿ,” ಎಂದು ಕಡತ ಬಿಚ್ಚಿ ಕೊಟ್ಟರು.

ಚೀಟಿ ಮಟ್ಟಸವಾಗಿ ಕೂತಿತ್ತು. ನನ್ನ ರುಜುವಿನ ಎರಡು ಅರ್ಧಗಳೂ ಸರಿಯಾಗಿ ಕೂಡಿದ್ದವು. ಕಿಟಕಿಯ ಬೆಳಕಿಗೆ ಹಿಡಿದೆ. ಕೆಳಗೆ ಸಹಿಯೇ ಇರಲಿಲ್ಲ. ಯಾರೋ ನವಿರಾಗಿ ಕೆರೆದಿದ್ದರಿಂದ ಕಾಗದ ಅಲ್ಲಿ ತೆಳ್ಳಗಾಗಿತ್ತು. ಪ್ರತಿ ತಿದ್ದುಪಡಿಗೂ ಅಂಚಿನಲ್ಲಿ ತಾರೀಖು ಹಾಕುವ ದಾದೇಸಾಬರು ಆ ಜಾಗದ ಮುಂದೆ ಏನೂ ಬರೆದಿರಲಿಲ್ಲ.

“ಜ್ವಾಳದ ಗಂಜಿ ಹಚ್ಚಿ ಇರುವಿಗೆ ಊಟ ಹಾಕೀರಿ,” ಎಂದರು ಮೆಲ್ಲಗೆ. “ಅಂಟು ಕಾಸೂದು ಕಾಲೇಜಿನ್ಯಾಗ ಕಲಿಸಲಿಲ್ಲೇನ್ರಿ? ನಾನು ಹುಣಸಿಬೀಜದ್ದು ಹಚ್ಚೀನಿ.”

“ಯಾವಾಗ್ರಿ?”

“ಸಾಹೇಬರು ಕಡತ ಕೇಳೂ ಮೊದಲ.”

“ಕೆಳಗಿಂದು ಓದಿದ್ರೇನ್ರಿ?”

“ನನಗ ಕನ್ನಡ ಓದಾಕ ಎಲ್ಲಿ ಬರ್ತೈತ್ರಿ.”

ಅದೇ ಅರ್ಜಿಯನ್ನು ತಿಂಗಳ ಹಿಂದೆ ನನ್ನೆದುರೇ ಗಟ್ಟಿಯಾಗಿ ಓದಿ, ಉರ್ದುವಿನಲ್ಲಿ ಸಾರಾಂಶ ಬರೆದುಕೊಂಡವರು ಅವರೇ. ಬಾಗಿಲಲ್ಲಿ ಜವಾನ ಕೂತಿದ್ದ.

“ಭಾಳ ಉಪಕಾರಾತ್ರಿ,” ಎಂದೆ.

“ಅಂಟಿಗೇನ್ರಿ?” ಎಂದು ಅವರು ಕಡತ ಕಟ್ಟಿದರು.

ಸಂಜೆ ಮರಳಿಯಲ್ಲಿ ಹೊಳಿಯಮ್ಮ ಎದುರಾದಳು. “ಗಂಗಾವತಿಗೆ ಯಾಕ ಹೋಗಿದ್ರಿ ಅಕ್ಕಾರ?”

ಹೇಳಿದರೆ ಅವಳು ನಾಳೆಯೇ ಹೋಗಿ ಇಡೀ ಕಚೇರಿಯ ಎದುರು ಅವರ ಕಾಲು ಹಿಡಿಯುವಳು. ಅವರ ನೌಕರಿ ಹೋಗುತ್ತದೆ, ಬಹುಶಃ ಅದಕ್ಕಿಂತ ಹೆಚ್ಚು. ನನ್ನೊಬ್ಬಳ ಎದೆಯಲ್ಲಿ ಈ ಋಣ ಭಾರವಾಗಿತ್ತು, ಹಿತವಾಗಿಯೂ ಇತ್ತು.

“ಸೂಜಿ ದಾರ ಬೇಕಾಗಿತ್ತಬೇ,” ಎಂದೆ. ಅವಳಿಗಷ್ಟೇ ಅಲ್ಲ, ಯಾರಿಗೂ ಹೇಳಬಾರದೆಂದು ಅಲ್ಲಿಯೇ ನಿರ್ಧರಿಸಿದೆ.