ಬೆಳ್ಳಿ ಕೂತ ಗಾಜು

ಒದ್ದೆ ಹತ್ತಿಯಿಂದ ಗಾಜನ್ನು ಉಜ್ಜುತ್ತಿದ್ದೆ. ಬೆರಳ ಗುರುತು ಉಳಿದ ಕಡೆ ಬೆಳ್ಳಿ ಕೂರುವುದಿಲ್ಲ. ಪಕ್ಕದಲ್ಲಿ ಮಾವ ಸೀಸೆಗಳನ್ನು ಜೋಡಿಸಿಕೊಳ್ಳುತ್ತಿದ್ದರು.

ನೃತ್ಯಶಾಲೆಯ ಗೋಡೆಗೆ ಹೋಗಬೇಕಾದ ಕನ್ನಡಿ ಅದು. ಹಿಂದೆ ಕಳಿಸಿದವು ಹೊಗೆ ಹಿಡಿದಂತೆ ಮಬ್ಬಾಗಿ ವಾಪಸ್ ಬಂದಿದ್ದವು. "ಇದೂ ಹಾಗೇ ಆದ್ರೆ ಬೇರೆಯವರಿಗೆ ಕೊಡ್ತೀನಿ" ಎಂದು ನೃತ್ಯದ ಟೀಚರ್ ಹೇಳಿ ಹೋಗಿದ್ದರು. ಅವರೂ ಕೈಬಿಟ್ಟರೆ ನಮ್ಮ ಅಂಗಡಿಗೆ ಬೀಗವೇ.

ಶಾಲೆ ಬಿಟ್ಟಾಗಿನಿಂದ ನಾನು ಈ ಸೋದರಮಾವನ ಕೈಕೆಲಸವನ್ನೇ ನೋಡಿಕೊಂಡು ಬೆಳೆದವಳು. ಬೆಳ್ಳಿಯ ಲವಣ ಕರಗಿಸಿದ ನೀರಿಗೆ ಅಮೋನಿಯಾವನ್ನು ಹನಿ ಹನಿಯಾಗಿ ಬಿಡಬೇಕು. ಮೊದಲು ಕಂದು ಕದಡು ಏಳುತ್ತದೆ. ಆಮೇಲೆ ಅಮೋನಿಯಾ ಬೆಳ್ಳಿಯನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತದೆ, ನೀರು ತಿಳಿಯಾಗುತ್ತದೆ. ತಕ್ಷಣ ನಿಲ್ಲಿಸಬೇಕು. ಗ್ಲೂಕೋಸ್ ನೀರು ಬೆರೆಸಿ ಸುರಿದರೆ ಆ ಹಿಡಿತ ಬಿಟ್ಟು ಬೆಳ್ಳಿ ಗಾಜಿಗೆ ಅಂಟುತ್ತದೆ. ಅಮೋನಿಯಾ ಹೆಚ್ಚಾದರೆ ಬೆಳ್ಳಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಕನ್ನಡಿ ಕೆಡುತ್ತದೆ.

ಮಾವ ಹನಿ ಬಿಡತೊಡಗಿದರು. ಕಂದು ಎದ್ದಿತು, ಕರಗಿತು, ಪಾತ್ರೆಯ ತಳ ಕಂಡಿತು. ಮಾವ ಮೂಗು ತಾಗುವಷ್ಟು ಬಗ್ಗಿ ನೋಡಿ ಮತ್ತೆ ಸೀಸೆ ಓರೆ ಮಾಡಿದರು. ನಾನು ಪಾತ್ರೆಯ ಬಾಯಿಗೆ ಅಂಗೈ ಅಡ್ಡ ಹಿಡಿದೆ. ಹನಿ ನನ್ನ ಕೈಮೇಲೆ ಬಿತ್ತು, ಚುರುಗುಟ್ಟಿತು.

"ಏಯ್, ಕೈ ತೆಗಿ! ಇನ್ನೂ ಕದಡಿದೆ, ಕಾಣಲ್ವಾ?"

"ತಿಳಿಯಾಗಿದೆ ಮಾವ."

"ಓಹೋ, ಮೌನಗೌರಿಗೂ ಮಾತು ಬಂತಾ? ನೀನು ಹುಟ್ಟೋಕೆ ಮುಂಚೆಯಿಂದ ಬೆಳ್ಳಿ ಕೂರಿಸ್ತಿದೀನಿ ನಾನು!"

ಚೌಕಟ್ಟಿಗೆ ಬಣ್ಣ ಬಳಿಯುತ್ತಿದ್ದ ಅತ್ತೆ ಕುಂಚ ಕೆಳಗಿಟ್ಟು ಬಂದು ಪಾತ್ರೆಯೊಳಗೆ ಇಣುಕಿದರು. "ಅಪರೂಪಕ್ಕೆ ಬಾಯಿ ಬಿಟ್ಟಿದಾಳೆ, ಕೇಳಿಬಿಡಿ. ನೀರು ತಿಳಿಯಾಗೇ ಇದೆ. ಬೆಳಿಗ್ಗೆ ನನ್ನ ಚಪ್ಪಲಿ ಮೆಟ್ಕೊಂಡು ಪೇಟೆಗೆ ಹೋಗಿ ಬಂದವರು ನೀವು!"

ಮಾವ ತಮ್ಮ ಕಾಲು ನೋಡಿಕೊಂಡರು. ಸೀಸೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದರು.

"ಹಾಗಾದ್ರೆ ನೀನೇ ಸುರಿ. ಕೆಟ್ರೆ ನಿನ್ನ ತಲೆಗೇ ಕಟ್ತೀನಿ."

ಗ್ಲೂಕೋಸ್ ಬೆರೆಸಿ ಸುರಿದೆ. ಗಾಜಿನ ಮೇಲೆ ನೀರು ಕಂದಾಯಿತು, ಕಪ್ಪಾಯಿತು. ಕಪ್ಪು ನೀರನ್ನು ಬಸಿದು ತೊಳೆದೆ. ಮೂಲೆಯಿಂದ ಮೂಲೆಯವರೆಗೆ ನಮ್ಮ ಛಾವಣಿ, ಅದರ ಜೇಡರ ಬಲೆ, ಬಲೆಯ ಒಂದೊಂದು ಎಳೆಯೂ ಫಳಫಳ ಹೊಳೆಯುತ್ತಿತ್ತು!

"ಅಯ್ಯೋ, ಆ ಬಲೆ ತೆಗೀಬೇಕಿತ್ತು" ಎಂದರು ಅತ್ತೆ, ಕಣ್ಣೊರೆಸಿಕೊಳ್ಳುತ್ತಾ.

ಹಿಂಬದಿಗೆ ಬಣ್ಣ ಹೊಡೆದು ಚೌಕಟ್ಟು ಕೂರಿಸಿದ ಮೇಲೆ ಟೀಚರ್ ಬಂದರು. ಕನ್ನಡಿಯ ಮುಂದೆ ಒಂದು ಸುತ್ತು ತಿರುಗಿದರು, ಮತ್ತೊಂದು ತಿರುಗಿದರು. "ಉಳಿದ ಗೋಡೆಗಳಿಗೂ ನೀವೇ ಮಾಡಿಕೊಡಿ" ಎಂದರು.

"ನಮ್ಮಕ್ಕನ ಮಗಳು ಸುರಿದದ್ದು!" ಮಾವ ಬೀದಿಗೆಲ್ಲ ಕೇಳುವಂತೆ ಕೂಗಿದರು. ನಾನು ನಾಚಿ ಅತ್ತೆಯ ಬೆನ್ನ ಹಿಂದೆ ಸರಿದೆ.

ಟೀಚರ್ ಹೋದರು. ಮಾವ ಕನ್ನಡಿಗೆ ಮೂಗು ತಾಗಿಸಿ ನಿಂತು ಮೀಸೆ ತೀಡಿಕೊಳ್ಳುತ್ತಿದ್ದರು. ಅತ್ತೆ ನನ್ನ ಕೈಗೆ ಮುಲಾಮು ಹಚ್ಚುತ್ತಿದ್ದರು.

"ಮಾವ, ನಾಳೆ ನನ್ನ ಜೊತೆ ಕಣ್ಣಿನ ಡಾಕ್ಟರ್ ಹತ್ರ ಬನ್ನಿ" ಎಂದೆ.