ಹೇಳಿ ಕೊಟ್ಟ ಮದ್ದು

ಹಾಸಿಗೆಯ ಹೊದಿಕೆಯನ್ನು ಮೂಲೆಯಿಂದ ಎಳೆದು ಬಿಡಿಸುತ್ತಿದ್ದವಳ ಬೆರಳಿಗೆ ಏನೋ ಚುರುಕ್ಕೆಂದು ತಗುಲಿತು. ಮಗಳು ಬಗ್ಗಿ ನೋಡಿದಳು. ಅಪ್ಪನ ಎಡರಟ್ಟೆಯ ಚರ್ಮದಡಿ ಇರಬೇಕಾಗಿದ್ದ ಸಣ್ಣ ಸೂಜಿ, ಅಂಟುಪಟ್ಟಿಯ ಸಮೇತ ಹೊದಿಕೆಗೆ ಕಚ್ಚಿಕೊಂಡಿತ್ತು.

ನಿನ್ನೆ ಸಂಜೆ ಅಪ್ಪನನ್ನು ಎತ್ತಿ ಮುಂದಿನ ಕೋಣೆಗೆ ತರುವಾಗ ಕಿತ್ತಿರಬೇಕು ಎಂದುಕೊಂಡಳು. ಹಾಗಂದುಕೊಂಡೇ ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಯಗಲದ ಕಲೆ. ನಡುವೆ ಇನ್ನೂ ತಣ್ಣಗೆ ಒದ್ದೆ. ಸುತ್ತ ಒಣಗಿದ ಒಂದು ಅಂಚು, ಅದರಾಚೆ ಇನ್ನೊಂದು, ಅದರಾಚೆ ಮತ್ತೊಂದು. ಒಂದೇ ಸಲ ಚೆಲ್ಲಿದ್ದು ಹೀಗೆ ಒಣಗುವುದಿಲ್ಲ. ಸ್ವಲ್ಪ ಸ್ವಲ್ಪವೇ, ಬಿಟ್ಟು ಬಿಟ್ಟು, ಬಹಳ ಹೊತ್ತು ಸೋರಿದೆ.

ನಿನ್ನೆ ಮಧ್ಯಾಹ್ನವಿಡೀ ನೋವಿನ ಔಷಧಿಯ ಪಂಪಿನ ಗುಂಡಿ ಅವಳ ಕೈಯಲ್ಲೇ ಇತ್ತು. ಅಪ್ಪನ ಹುಬ್ಬು ಗಂಟಾದಾಗಲೆಲ್ಲ ಒತ್ತಿದ್ದಳು. ಒತ್ತಿದ್ದನ್ನೆಲ್ಲ ಹಾಸಿಗೆ ಕುಡಿದಿತ್ತು.

"ಗಾಡಿ ಬಂತು ಕಣೇ! ಎಲ್ಲಿ ಸೇರ್ಕೊಂಡಿದೀಯ?" ಹೊರಗಿನಿಂದ ಚಿಕ್ಕಪ್ಪನ ಕೂಗು.

ಬೇರೆ ಯಾರಾದರೂ ಇದನ್ನು ಒಗೆಯಲು ಹಾಕಿಬಿಟ್ಟರೆ? ಅವಳು ಹೊದಿಕೆಯನ್ನು ಮಡಚಿ, ಸೂಜಿಯನ್ನು ಒಳಗೆ ಸುತ್ತಿ, ತನ್ನ ಹೆಗಲ ಚೀಲಕ್ಕೆ ತುರುಕಿದಳು.

ಮುಂದಿನ ಕೋಣೆಯಲ್ಲಿ ಹುಬ್ಬು ಗಂಟಾಗಿದ್ದ ಅಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು. ವಾರದಿಂದ ನಿದ್ದೆಗೆಟ್ಟಿದ್ದ ಅಮ್ಮನನ್ನು ನಿನ್ನೆ ಊಟವಾದ ಮೇಲೆ ಬಲವಂತವಾಗಿ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದು ಇವಳೇ. ಅಮ್ಮ ಏಳುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ನೋವಾಗ್ಲಿಲ್ಲ ತಾನೆ ಅವರಿಗೆ? ನೀನಿದ್ದೆಯಲ್ಲ ಪಕ್ಕದಲ್ಲಿ."

"ಗಾಡಿಯವರು ಕಾಯ್ತಿದಾರಮ್ಮ, ನಡಿ," ಎಂದು ಮಗಳು ಅಮ್ಮನ ಚಪ್ಪಲಿ ಹುಡುಕತೊಡಗಿದಳು. ಚಪ್ಪಲಿ ಅಮ್ಮನ ಕಾಲಲ್ಲೇ ಇತ್ತು.

*

ಬೇರೆ ಮಕ್ಕಳು ಬಿದ್ದು ಅತ್ತರೆ ಅವರ ಅಪ್ಪಂದಿರು ಎತ್ತಿಕೊಳ್ಳುತ್ತಿದ್ದರು. ಇವಳಪ್ಪ ಎದುರು ಕುಕ್ಕರುಗಾಲಲ್ಲಿ ಕೂತು, "ಉರಿಯುತ್ತಾ? ಚುಚ್ಚುತ್ತಾ? ಒಳಗಿಂದ ಎಳೆಯುತ್ತಾ?" ಎಂದು ಕೇಳುತ್ತಿದ್ದ. ಸರಿಯಾದ ಉತ್ತರ ಹುಡುಕುವ ಗಡಿಬಿಡಿಯಲ್ಲಿ ಅಳು ಮರೆತೇ ಹೋಗುತ್ತಿತ್ತು.

"ಮೊದಲು ಮಗೂನ ಎತ್ಕೊಳ್ರೀ! ಪ್ರಶ್ನೆಪತ್ರಿಕೆ ಆಮೇಲೆ ಕೊಡಿ," ಎಂದು ಅಮ್ಮ ಅಡುಗೆಮನೆಯಿಂದಲೇ ರೇಗುತ್ತಿದ್ದಳು.

ಅಪ್ಪ ನರವಿಜ್ಞಾನಿ. ಕಲಿತಿದ್ದು, ಕಲಿಸಿದ್ದು, ಮನೆಯಲ್ಲಿ ಮಾತಾಡಿದ್ದು ಎಲ್ಲ ನೋವಿನ ಬಗ್ಗೆಯೇ. ಅವನ ಪ್ರಯೋಗಾಲಯದಲ್ಲಿ ಒಂದು ಕಟ್ಟಳೆಯಿತ್ತು: ನೋವು ಅಳೆಯುವ ಬಿಸಿ ತಗಡನ್ನು ಬೇರೆಯವರ ತೋಳಿಗೆ ಮುಟ್ಟಿಸುವ ಮೊದಲು ತನ್ನ ತೋಳಿಗೆ ಮುಟ್ಟಿಸಿಕೊಳ್ಳಬೇಕು. ಹಾಗಾಗಿ ಅವನ ಮುಂಗೈ ತುಂಬ ನಾಣ್ಯದಗಲದ ಕಂದು ಗುರುತುಗಳು. ಮಗಳು ಕಣ್ಣು ಪರೀಕ್ಷಿಸಿ ಕನ್ನಡಕ ಕೊಡುವ ಅಂಗಡಿ ತೆರೆದಾಗ ಅವನಿಗೆ ಹಿಗ್ಗೋ ಹಿಗ್ಗು. "ನಮ್ಮಿಬ್ಬರದ್ದೂ ಒಂದೇ ಕಸುಬು ಕಣಮ್ಮ. ನೀನು 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಅಂತ ಕೇಳ್ತೀಯ. ಅವರು ಹೇಳಿದ್ದನ್ನ ನಂಬಬೇಕು. ಒಳಗೆ ಹೋಗಿ ನೋಡೋಕೆ ಆಗಲ್ಲ."

*

ಚಿತಾಗಾರದ ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ಮಗಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

"ಕೊಡಿಲ್ಲಿ, ನಾನು ಹಿಡ್ಕೋತೀನಿ. ಭಾರ ಇದೆ," ಎಂದ ಚಿಕ್ಕಪ್ಪ.

"ಬೇಡ ಚಿಕ್ಕಪ್ಪ."

"ಏನು, ಅಂಗಡಿ ಕನ್ನಡಕ ಎಲ್ಲ ತಂದಿದೀಯಾ?" ನಗಿಸಲು ನೋಡಿ, ಆಗದೆ, ಅವನು ಮೂಗೊರೆಸಿಕೊಂಡ. "ಅಣ್ಣ ಎಷ್ಟು ನೆಮ್ಮದಿಯಾಗಿ ಹೋದ ನೋಡು. ಒಂದು ನರಳಾಟ ಇಲ್ಲ. ಎಲ್ಲಾ ನಿನ್ನ ಕೈಗುಣ."

ಅವಳು ಚೀಲದ ಬಾಯಿಯನ್ನು ಮಡಚಿ ಹಿಡಿದಳು.

ಹಿಂದಿನ ಸಾಲಿನಿಂದ ಊರುಗೋಲು ಊರುತ್ತ ಒಬ್ಬ ಲಾರಿ ಡ್ರೈವರ್ ಮುಂದೆ ಬಂದ. ಮೊಣಕಾಲಿನ ಕೆಳಗೆ ಅವನ ಪ್ಯಾಂಟು ಮಡಚಿ ಪಿನ್ನು ಹಾಕಿತ್ತು. "ಇಲ್ಲದ ಕಾಲು ಉರಿಯುತ್ತೆ ಅಂದ್ರೆ ಮನೇಲಿ ನಕ್ಕರು. ತಲೆ ಕೆಟ್ಟಿದೆ ಅಂದ್ರು. ಸಾರ್ ಮಾತ್ರ ಕೇಳಿದ್ರು, 'ಎಲ್ಲಿ ಉರಿಯೋದು? ಹೆಬ್ಬೆರಳಾ, ಹಿಮ್ಮಡಿನಾ?' ಹಿಮ್ಮಡಿ ಸಾರ್ ಅಂದೆ. ಅತ್ತುಬಿಟ್ಟೆ. ಔಷಧಿ ಶುರುವಾಗಿದ್ದು ಆಮೇಲೆ." ಇಷ್ಟು ಹೇಳಿ ಹೋಗಿ ಕೂತ.

ಆಮೇಲೆ ಎದ್ದವಳು ಸಂಶಯಮ್ಮ. ಅಪ್ಪನ ಮೊದಲ ಶಿಷ್ಯೆ, ಈಗ ಪ್ರಯೋಗಾಲಯ ನಡೆಸುವವಳು. ಯಾವ ಫಲಿತಾಂಶ ತೋರಿಸಿದರೂ "ಖಾತ್ರಿನಾ ಸರ್?" ಎನ್ನುತ್ತಿದ್ದುದಕ್ಕೆ ಅಪ್ಪ ಇಟ್ಟ ಹೆಸರು ಅದು. ಅವಳು ಅಪ್ಪನ ದೊಡ್ಡ ಪ್ರಯೋಗದ ಬಗ್ಗೆ ಹೇಳಿದಳು. ಒಂದೇ ಔಷಧಿ, ಒಂದೇ ಪ್ರಮಾಣ. ಕೆಲವರಿಗೆ ಪರದೆಯ ಹಿಂದಿನ ಯಂತ್ರ ಸದ್ದಿಲ್ಲದೆ ಕೊಡುತ್ತಿತ್ತು. ಕೆಲವರಿಗೆ ಒಬ್ಬರು ಪಕ್ಕದಲ್ಲಿ ಕೂತು, "ಈಗ ಕೊಡ್ತಾ ಇದೀನಿ," ಎಂದು ಹೇಳಿ ಕೊಡುತ್ತಿದ್ದರು. ಹೇಳಿ ಕೊಟ್ಟವರ ನೋವು ಬೇಗ ಇಳಿಯುತ್ತಿತ್ತು. "ಆದರೆ ಸರ್ ಯಾವಾಗಲೂ ಒಂದು ಮಾತು ಸೇರಿಸ್ತಿದ್ರು: ಮಾತು ಔಷಧಿಯ ಕೈ ಹಿಡಿಯುತ್ತೆ, ಔಷಧಿಯ ಬದಲಿಗೆ ನಿಲ್ಲಲ್ಲ."

ಮಗಳು ಚೀಲವನ್ನು ಇನ್ನೂ ಬಿಗಿಯಾಗಿ ಹಿಡಿದಳು. ಒದ್ದೆ ಬಟ್ಟೆಯಾಚೆ ಬಂದು ಸೀರೆಗೆ ತಾಗುತ್ತಿದೆ ಎನಿಸಿತು. ತಾಗುತ್ತಿರಲಿಲ್ಲ.

*

ಪಂಪಿನ ಗುಂಡಿ ಒತ್ತುವುದು ಹೇಗೆಂದು ಆಸ್ಪತ್ರೆಯ ಸಿಸ್ಟರ್ ಮನೆಗೆ ಬಂದು ತೋರಿಸಿ ಹೋಗಿದ್ದರು. ಜಾಸ್ತಿ ಒತ್ತಿದರೂ ಯಂತ್ರ ಕೊಡುವುದಿಲ್ಲ, ಹೆದರಬೇಡಿ ಎಂದಿದ್ದರು. ಹೇಳಿ ಒತ್ತಬೇಕೆಂದು ಕಲಿಸಿದ್ದು ಮಾತ್ರ ಅಪ್ಪ. ನಿನ್ನೆ ಒಮ್ಮೆ ಅವಳು ಮರೆತು ಸುಮ್ಮನೆ ಒತ್ತಿದಾಗ ಅವನು ಕಣ್ಣು ತೆರೆದಿದ್ದ.

"ಹೇಳು," ಎಂದ. ದನಿ ಎಳೆಯಷ್ಟು ಸಣ್ಣ.

"ಕೊಡ್ತಾ ಇದೀನಪ್ಪ."

ಹುಬ್ಬಿನ ಗಂಟು ಸಡಿಲಾಯಿತು. ಅವಳ ಉಸಿರೂ ಸಡಿಲಾಯಿತು. ಅಪ್ಪ ಅವಳನ್ನೇ ನೋಡುತ್ತಿದ್ದ, ಹಿಂದೆ ಮಂಡಿ ತರಚಿದಾಗ ಎದುರು ಕೂತು ನೋಡುತ್ತಿದ್ದನಲ್ಲ, ಹಾಗೆಯೇ.

ಬಿಸಿಲು ಇಳಿಯುವ ಹೊತ್ತಿಗೆ ಅವನ ಬಲಗೈ ಎಡರಟ್ಟೆಯ ಮೇಲೆ ಹೋಗಿ ಕೂತಿತು. ಚಳಿಯೇನೋ ಎಂದು ಅವಳು ಕಂಬಳಿ ಎಳೆದಳು. ಕೈ ಹಿಡಿದುಕೊಳ್ಳೋಣವೆಂದು ಆ ಕೈಯನ್ನು ಬಿಡಿಸಲು ನೋಡಿದರೆ ಅದು ಬರಲಿಲ್ಲ. ಅಪ್ಪ ಕಷ್ಟಪಟ್ಟು ಎಡಗೈಯ ಬೆರಳುಗಳನ್ನು ಅವಳ ಕಡೆ ಚಾಚಿದ. ಅವಳು ಅವನ್ನೇ ಹಿಡಿದು ಕೂತಳು, ಕೊನೆಯವರೆಗೂ.

*

ಕಬ್ಬಿಣದ ಬಾಗಿಲು ಮುಚ್ಚಿದ ಮೇಲೆ ಜನ ಹೊರಗೆ ಬಂದು ಚದುರಿದರು. ಮಗಳು ಸಂಶಯಮ್ಮನನ್ನು ಹಿಂಬದಿಯ ಕಲ್ಲುಬೆಂಚಿಗೆ ಎಳೆದೊಯ್ದು ಚೀಲ ಬಿಚ್ಚಿದಳು.

"ಅಕ್ಕ, ನಾನು ಅಪ್ಪನ್ನ ನೋವಲ್ಲೇ ಕಳಿಸಿಬಿಟ್ನಾ?"

ಸಂಶಯಮ್ಮ ಹೊದಿಕೆ ಬಿಡಿಸಿ, ಸೂಜಿ ನೋಡಿ, ಕಲೆಯ ಅಂಚುಗಳ ಮೇಲೆ ಬೆರಳಾಡಿಸಿದಳು. ಅಯ್ಯೋ ಅನ್ನಲಿಲ್ಲ.

"ಒತ್ತಿದಾಗಲೆಲ್ಲ ಹುಬ್ಬು ಸಡಿಲ ಆಯ್ತಾ?"

"ಆಯ್ತು. ಕೊನೆಕೊನೆಗೆ ಸ್ವಲ್ಪ ತಡವಾಗ್ತಿತ್ತು."

"ಹೇಳಿ ಒತ್ತಿದ್ಯಾ?"

"ಹೇಳಿದೆ."

"ಅವರ ಬಲಗೈ ಎಲ್ಲಿತ್ತು?"

ಮಗಳು ತನ್ನ ಬಲಗೈಯನ್ನು ಎಡರಟ್ಟೆಗೆ ಒಯ್ದು ತೋರಿಸಿದಳು. ಕೈ ಅಲ್ಲೇ ನಿಂತಿತು. ಅದು ಸೂಜಿಯ ಜಾಗ.

"ಗೊತ್ತಿತ್ತಾ ಅಪ್ಪನಿಗೆ?"

"ಅಷ್ಟು ಒದ್ದೆ. ಗೊತ್ತಾಗದೆ ಇರುತ್ತಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ಸಿಸ್ಟರ್‌ಗೆ ಫೋನ್ ಮಾಡ್ತಿದ್ನಲ್ಲ ಅಕ್ಕ, ಓಡಿ ಹೋಗಿ ಕರ್ಕೊಂಡು ಬರ್ತಿದ್ನಲ್ಲ!"

ಸಂಶಯಮ್ಮ ಹೊದಿಕೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿದಳು. "ಸರ್ ಕೊನೇ ವರ್ಷ ಒಂದು ಹುಚ್ಚು ಕೆಲಸ ಮಾಡಿದ್ರು. ಔಷಧಿ ಕೊಡೋರ ಆತಂಕ ಅಳೆಯೋಕೆ ಅವರ ಅಂಗೈಗೂ ತಂತಿ ಕಟ್ಟಿಸಿದ್ರು. 'ಕೊಡ್ತಾ ಇದೀನಿ' ಅಂದ ಕೂಡಲೇ ಅವರ ಬೆವರೂ ಕಮ್ಮಿ ಆಗೋದು, ಎದೆ ಬಡಿತಾನೂ ಇಳಿಯೋದು. ಖಾತ್ರಿನಾ ಸರ್ ಅಂದೆ. ನಕ್ಕುಬಿಟ್ರು."

"ಅಂದ್ರೆ ನನಗೋಸ್ಕರ...?"

"ಗೊತ್ತಿಲ್ಲ ಕಣೆ. ನಿನಗೆ ಕಾಣಬಾರದು ಅಂತ ಮುಚ್ಚಿಕೊಂಡ್ರೋ, ನೋವು ತಡೀಲಾರದೆ ಹಿಡ್ಕೊಂಡ್ರೋ. ನಿನ್ನ ಸಮಾಧಾನಕ್ಕೆ ಏನೋ ಒಂದು ಹೇಳಬಹುದಿತ್ತು. ಆದರೆ ನನಗೆ ಆ ಹೆಸರಿಟ್ಟೋರು ಅವರೇ." ಅವಳ ಕಣ್ಣುಗಳು ತುಂಬಿಕೊಂಡವು. "ಅಮ್ಮನಿಗೆ ಹೇಳಿದ್ಯಾ?"

ಮಗಳು ತಲೆಯಾಡಿಸಿದಳು. ಇಲ್ಲ.

*

ಮನೆಗೆ ಬಂದಾಗ ಅಮ್ಮ ನೇರ ಅಪ್ಪನ ಕೋಣೆಗೆ ಹೋದಳು. ಬರಿ ಹಾಸಿಗೆಯ ಮುಂದೆ ನಿಂತುಬಿಟ್ಟಳು.

"ಹೊದಿಕೆ ಎಲ್ಲಿ?"

"ಒಗೆಯೋಕೆ ಎತ್ತಿಟ್ಟಿದೀನಮ್ಮ."

ಹೊದಿಕೆಯಿಂದ ಇಳಿದ ಕಲೆ ಹಾಸಿಗೆಯ ಮೇಲೂ ಇತ್ತು. ಬೆಳಿಗ್ಗೆ ಅವಳು ಗಮನಿಸಿರಲಿಲ್ಲ. ಅಮ್ಮನ ದೃಷ್ಟಿ ದಿಂಬಿನಿಂದ ಕೆಳಗೆ ಜಾರುವುದರೊಳಗೆ ಮಗಳು ಪಕ್ಕದಲ್ಲಿ ಕೂತು, ಬಲಗೈಯನ್ನು ಕಲೆಯ ಮೇಲೆ ಊರಿದಳು. ಅಂಗೈಗೆ ತಣ್ಣಗಾಯಿತು.

ಅಮ್ಮ ಎದುರಿನ ಕುರ್ಚಿಯಲ್ಲಿ ಕೂತಳು. ಹುಬ್ಬುಗಳ ನಡುವೆ ಬೆಳಗಿನ ಗಂಟು ಹಾಗೇ ಇತ್ತು.

"ನೀನು ಹೇಳ್ಲೇ ಇಲ್ಲ. ನಾನು ನಿದ್ದೆ ಹೊಡೀತಾ ಬಿದ್ದಿದ್ದೆ... ನೋವಾಗ್ಲಿಲ್ಲ ತಾನೆ ಅವರಿಗೆ?"

"ಹೇಳಿ ಹೇಳಿ ಕೊಡ್ತಾ ಇದ್ದೆ ಅಮ್ಮ. ಕೊಟ್ಟಾಗಲೆಲ್ಲ ಹುಬ್ಬು ಸಡಿಲ ಆಗ್ತಿತ್ತು."

"ಖಂಡಿತ?"

"ಖಂಡಿತ."

ಅಮ್ಮನ ಹಣೆಯನ್ನೇ ಅವಳು ನೋಡುತ್ತ ಕೂತಳು. ಗಂಟು ಸ್ವಲ್ಪ ತಡವಾಗಿ, ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಅಮ್ಮ ಉಸಿರು ಬಿಟ್ಟು, ಅವಳ ಬಲಗೈ ಹಿಡಿಯಲು ಕೈ ಚಾಚಿದಳು.

ಮಗಳು ಎಡಗೈ ಕೊಟ್ಟಳು.